108 ಇಂಚಿನ ಕ್ವಿಲ್ಟ್‌ಗೆ ಗೆರೆ ಆರಿಸಿದ ಕಥೆ

ತುಂಡು ಬಟ್ಟೆ ಜೋಡಿಸಿ ಮಾಡುವ ಹೊದಿಕೆ, ಅಂದರೆ ಕ್ವಿಲ್ಟ್‌ನ ಮೇಲ್ಪದರ ಸಿದ್ಧವಾಗಿ ಮೂರು ತಿಂಗಳಾಗಿತ್ತು. ಮಡಚಿ ಕಪಾಟಿನಲ್ಲಿ ಇಟ್ಟಿದ್ದೆ. ಅಕ್ಕನ ದೊಡ್ಡ ಮಂಚಕ್ಕೆಂದು ಹೊಲಿದದ್ದು ಅದು. ಉದ್ದ 108 ಇಂಚು, ಅಗಲವೂ 108 ಇಂಚು. 9 ಇಂಚಿನ ಬ್ಲಾಕುಗಳು, ಒಂದು ಸಾಲಿಗೆ 12, ಒಟ್ಟು 12 ಸಾಲು. 144 ಬ್ಲಾಕುಗಳಲ್ಲಿ 72, ತಲಾ ಒಂಬತ್ತು ಚಿಕ್ಕ ಚೌಕ ಸೇರಿಸಿ ಮಾಡಿದವು. ಉಳಿದ 72 ಒಂದೇ ಬಣ್ಣದ ಇಡೀ ತುಂಡುಗಳು. ಇದೊಂದು, ಅದೊಂದು ಅಂತ ಚದುರಂಗದ ಮಣೆಯ ಹಾಗೆ ಜೋಡಿಸಿದ್ದೆ. ಚಿಕ್ಕ ಚೌಕಗಳೇ 648 ಇದ್ದವು. ಅಷ್ಟನ್ನೂ ಜೋಡಿಸುವಾಗ ಒಂದು ದಿನವೂ ಬೇಸರ ಬರಲಿಲ್ಲ. ಕೈ ನಿಂತದ್ದು ಆಮೇಲೆ, ಮೇಲ್ಪದರ, ನಡುವಿನ ಹತ್ತಿಯ ಮೆತ್ತೆ (ಬ್ಯಾಟಿಂಗ್), ಹಿಂಬದಿ ಬಟ್ಟೆ, ಈ ಮೂರೂ ಪದರ ಸೇರಿಸಿ ಹಾಕುವ ಹೊಲಿಗೆ ಯಾವ ವಿನ್ಯಾಸದಲ್ಲಿ ಇರಬೇಕು ಅನ್ನುವಲ್ಲಿ.

ಚಿಕ್ಕ ಕ್ವಿಲ್ಟ್ ಆದರೆ ಈ ಪ್ರಶ್ನೆಗೆ ಅಷ್ಟು ತೂಕ ಇಲ್ಲ. ಮಗುವಿನ ಹೊದಿಕೆಗೆ ಯಾವ ವಿನ್ಯಾಸ ಹಾಕಿದರೂ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಬೇಕಾದ ಕಡೆ ತಿರುಗಿಸಬಹುದು. 108 ಇಂಚಿನದು ಹಾಗಲ್ಲ. ಮೂರು ಪದರ ಸೇರಿದ ಮೇಲೆ ನನ್ನದು 4 ಕೆ.ಜಿ. ಹತ್ತಿರ ತೂಗಿತು. ನನ್ನದು ಮನೆಯ ಸಾಧಾರಣ ಮಷಿನ್. ಸೂಜಿಯಿಂದ ಬಲಗಡೆಯ ಕಂಬದವರೆಗೆ 8 ಇಂಚು ಜಾಗ. ಕ್ವಿಲ್ಟ್‌ನ ನಡು ಹೊಲಿಯುವಾಗ ಅದರ ಅರ್ಧ, ಅಂದರೆ 54 ಇಂಚು ಬಟ್ಟೆ ಮತ್ತು ಬ್ಯಾಟಿಂಗ್, ಆ 8 ಇಂಚಿನೊಳಗೆ ಕೂರಬೇಕು. ಈ ಒಂದು ಮಾತನ್ನು ಮೊದಲೇ ಸರಿಯಾಗಿ ಮನಸ್ಸಿಗೆ ತಂದುಕೊಂಡಿದ್ದರೆ ನನ್ನ ಎರಡು ಸಂಜೆ ಉಳಿಯುತ್ತಿದ್ದವು.

ಗೆರೆಯ ಲೆಕ್ಕ

ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂದರ ಪಕ್ಕ ಒಂದು ಓಡುವ ಗೆರೆಗಳಿಗೆ ಒಂದು ಸುಲಭದ ಲೆಕ್ಕ ಇದೆ. ಕ್ವಿಲ್ಟ್‌ನ ವಿಸ್ತೀರ್ಣವನ್ನು ಗೆರೆಗಳ ನಡುವಿನ ಅಂತರದಿಂದ ಭಾಗಿಸಿದರೆ ಸಾಕು, ಒಟ್ಟು ಎಷ್ಟು ಉದ್ದ ಹೊಲಿಯಬೇಕು ಅಂತ ಸಿಗುತ್ತದೆ. ಗೆರೆ ಅಡ್ಡ ಇರಲಿ, ಉದ್ದ ಇರಲಿ, ಓರೆ ಇರಲಿ, ಉತ್ತರ ಹೆಚ್ಚು ಕಡಿಮೆ ಅದೇ.

108ನ್ನು 108ರಿಂದ ಗುಣಿಸಿದರೆ 11,664 ಚದರ ಇಂಚು. 1 ಇಂಚಿಗೊಂದು ಗೆರೆ ಹಾಕಿದರೆ 11,664 ಇಂಚು, ಅಂದರೆ 296 ಮೀಟರ್. 2 ಇಂಚಿಗೊಂದು ಆದರೆ 148 ಮೀಟರ್. 3 ಇಂಚಿಗೆ 99 ಮೀಟರ್. ಚೌಕಳಿ ಬೇಕು ಅಂದರೆ, ಎರಡು ದಿಕ್ಕಿಗೂ ಗೆರೆ ಬರುವುದರಿಂದ, ಎಲ್ಲವೂ ಎರಡು ಪಟ್ಟು. ಪುಟ್ಟ ಚಿತ್ರದಲ್ಲಿ ಒಂದಿಂಚಿನ ಗೆರೆಗಳು ತುಂಬಾ ಚೆಂದ ಕಾಣುತ್ತವೆ. 296 ಮೀಟರ್ ಅನ್ನುವ ಅಂಕಿ ಕಂಡ ಮೇಲೆ ಅದನ್ನು ಬಿಟ್ಟುಬಿಟ್ಟೆ.

ಇನ್ನೊಂದು ಕಡೆಯ ಮಿತಿ ಬ್ಯಾಟಿಂಗ್‌ನದು. ಗೆರೆಗಳ ನಡುವೆ ಹೆಚ್ಚೆಂದರೆ ಎಷ್ಟು ಅಂತರ ಬಿಡಬಹುದು ಅಂತ ಅದರ ಪ್ಯಾಕೆಟ್ ಮೇಲೆ ಬರೆದಿರುತ್ತಾರೆ. ಒಳಗೆ ತೆಳು ಜಾಳಿಗೆ ಪದರ ಸೇರಿಸಿ ಸೂಜಿಯಿಂದ ಚುಚ್ಚಿ ಗಟ್ಟಿ ಮಾಡಿದ ಹತ್ತಿಯ ಬ್ಯಾಟಿಂಗ್‌ಗೆ 8ರಿಂದ 10 ಇಂಚು ಬಿಟ್ಟರೂ ನಡೆಯುತ್ತದೆ. ಆ ಪದರ ಇಲ್ಲದ ಹತ್ತಿಗೆ ಅಷ್ಟು ಬಿಟ್ಟರೆ ತೊಳೆಯುತ್ತಾ ತೊಳೆಯುತ್ತಾ ಒಳಗೇ ಗಂಟು ಕಟ್ಟುತ್ತದೆ. ನನ್ನ ಪ್ಯಾಕೆಟ್ ಮೇಲೆ 8 ಇಂಚು ಅಂತಿತ್ತು. ಹಾಗಾಗಿ ಗೆರೆ ವಿರಳ ಇದ್ದರೂ ತೊಂದರೆ ಇರಲಿಲ್ಲ. ವಿನ್ಯಾಸ ಯೋಚಿಸುವ ಮೊದಲು ಈ ಪ್ಯಾಕೆಟ್ ಓದಿ. ಅದನ್ನು ಎಸೆಯಲೇಬೇಡಿ.

ಯಾವುದನ್ನು ಯಾಕೆ ಬಿಟ್ಟೆ

ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡೆ. ಅದರ ನಾಲ್ಕೂ ಅಂಚಿಗೆ ಬಣ್ಣದ ಟೇಪ್ ಅಂಟಿಸಿದೆ. ಇಲ್ಲದಿದ್ದರೆ ಗೀಚುವ ಭರದಲ್ಲಿ ಪೆನ್ನು ಹಾಳೆ ದಾಟಿ ಬಟ್ಟೆ ಮೇಲೆ ಹೋಗಿಬಿಡುತ್ತದೆ. ಹಾಳೆಯನ್ನು ಮೇಲ್ಪದರದ ಮೇಲೆ ಹಾಸಿ, ಒಂದೊಂದೇ ವಿನ್ಯಾಸ ಬರೆದು, ಎದ್ದು ನಿಂತು ನೋಡಿದೆ. ಒರೆಸಿ ಮತ್ತೆ ಬರೆದೆ. ಇದಕ್ಕೆ ಒಂದು ಗಂಟೆ ಕೊಟ್ಟರೆ ಮುಂದೆ ಹತ್ತು ಗಂಟೆ ಉಳಿಯುತ್ತದೆ.

ಮೊದಲು ನೋಡಿದ್ದು ಬಟ್ಟೆ ತುಂಬ ಸುತ್ತಾಡುವ ಬಳುಕು ಗೆರೆ, ಅಂದರೆ ಸ್ಟಿಪಲ್. ಇದಕ್ಕೆ ಮಷಿನ್‌ನ ಬಟ್ಟೆ ಎಳೆಯುವ ಕೆಳಹಲ್ಲುಗಳನ್ನು ಇಳಿಸಿ, ಬಟ್ಟೆಯನ್ನು ಕೈಯಲ್ಲೇ ಓಡಿಸಬೇಕು. ಹೊಲಿಗೆಯ ಉದ್ದವೂ ಕೈಯ ವೇಗದಿಂದಲೇ ಬರುತ್ತದೆ. ಚಿಕ್ಕ ಬಟ್ಟೆಯಲ್ಲಿ ನಾನು ಇದನ್ನು ಇಷ್ಟಪಟ್ಟು ಮಾಡುತ್ತೇನೆ. 4 ಕೆ.ಜಿ. ಬಟ್ಟೆಯನ್ನು ಪ್ರತಿ ತಿರುವಿಗೂ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ನೂಕುವುದು ಬೇರೆಯೇ ಕೆಲಸ. ಬಲಗಡೆ ಸುತ್ತಿಟ್ಟ ಬಟ್ಟೆಯ ಸುರುಳಿ ತುಂಬಿಕೊಂಡಿರುವಾಗ ಕೈ ಆಡುವುದಕ್ಕೆ ಸಿಗುವುದು ನಾಲ್ಕೈದು ಇಂಚು ಮಾತ್ರ. ಅಷ್ಟರಲ್ಲಿ ಗೆರೆ ಬಳುಕುವುದಿಲ್ಲ, ತಡವರಿಸುತ್ತದೆ.

ನಡುವಿನಿಂದ ಶುರುವಾಗಿ ಹೊರಗೆ ಬೆಳೆಯುವ ಸುರುಳಿ ಗೆರೆ ಹಾಳೆಯ ಮೇಲೆ ಎಲ್ಲಕ್ಕಿಂತ ಚೆಂದ ಕಂಡಿತು. ಒಂದೇ ಗೆರೆ, ಒಂದೇ ಆರಂಭ, ಒಂದೇ ಕೊನೆ. ಆದರೆ ಆ ಗೆರೆಯ ಪ್ರತಿ ಸುತ್ತಿಗೂ ಇಡೀ ಕ್ವಿಲ್ಟ್ ಮಷಿನ್ ಕೆಳಗೆ ಒಂದು ಪೂರ್ತಿ ಸುತ್ತು ತಿರುಗಬೇಕು. 2 ಇಂಚಿನ ಅಂತರದಲ್ಲಿ ನಡುವಿನಿಂದ ಅಂಚಿಗೆ 27 ಸುತ್ತು. ಮೂಲೆಗಳದ್ದು ಅದರ ಮೇಲೆ. ಬೀಸಣಿಗೆ ಆಕಾರದ ಕಮಾನುಗಳು, ಹೂವಿನ ದಳಗಳು, ಇವುಗಳದ್ದೂ ಇದೇ ಕಷ್ಟ. ಕಾಗದದ ಮೇಲೆ ಪೆನ್ನು ತಿರುಗುತ್ತದೆ. ಮಷಿನ್‌ನಲ್ಲಿ ಸೂಜಿ ನಿಂತಲ್ಲೇ ಇರುತ್ತದೆ, ತಿರುಗಬೇಕಾದದ್ದು ಬಟ್ಟೆ.

ಮಷಿನ್‌ನಲ್ಲೇ ಇರುವ ಅಲೆ ಹೊಲಿಗೆ ಒಳ್ಳೆಯ ಆಯ್ಕೆ. ಅದು ಅಗಲ ಜಾಸ್ತಿ ಮಾಡಿದರೂ ನನ್ನ ಮಷಿನ್‌ನಲ್ಲಿ 7 ಮಿ.ಮೀ. ದಾಟುವುದಿಲ್ಲ. ಇಷ್ಟು ದೊಡ್ಡ ಬಟ್ಟೆಯ ಮೇಲೆ ದೂರದಿಂದ ನಡುಗಿದ ನೇರ ಗೆರೆಯ ಹಾಗೆ ಕಂಡಿತು. ಬಿಟ್ಟೆ.

ಕೊನೆಗೆ ಮನಸ್ಸು ಗೆದ್ದದ್ದು ಓರೆ ಚೌಕಳಿ. ಚಿಕ್ಕ ಚೌಕಗಳ ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ಗುರುತು ಹಾಕುವ ಕೆಲಸವೇ ಅರ್ಧ ಇಲ್ಲ. 3 ಇಂಚಿನ ಚೌಕದ ಮೂಲೆಗಳೇ ದಾರಿ ತೋರಿಸುತ್ತವೆ. ಒಂದು ಬಿಟ್ಟು ಒಂದು ಮೂಲೆ ಹಿಡಿದರೆ ಗೆರೆಗಳ ಅಂತರ ನಾಲ್ಕೂಕಾಲು ಇಂಚು. ಎರಡೂ ದಿಕ್ಕು ಸೇರಿ 140 ಮೀಟರ್. ಲೆಕ್ಕ ಚೆನ್ನಾಗಿತ್ತು. ಹಾಳೆಯ ಮೇಲೆ ನೋಟವೂ ಚೆನ್ನಾಗಿತ್ತು.

ಪದರ ಸೇರಿಸಿದ್ದು

ಈ ಕೆಲಸ ಎಲ್ಲರಿಗೂ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. ಹಿಂಬದಿ ಬಟ್ಟೆ ಪ್ರತಿ ಕಡೆ 4 ಇಂಚು ಜಾಸ್ತಿ, ಅಂದರೆ 116 ಇಂಚು. ಬ್ಯಾಟಿಂಗ್ ಕೂಡ ಅಷ್ಟೇ. ಹಿಂಬದಿಯನ್ನು ನೆಲಕ್ಕೆ ಹಾಸಿ, ಸುಕ್ಕು ಹೋಗುವಷ್ಟು ಮಾತ್ರ ಬಿಗಿ ಮಾಡಿ ಟೇಪ್ ಹಚ್ಚಿದೆ. ಎಳೆದು ಹಿಗ್ಗಿಸಬಾರದು. ಟೇಪ್ ತೆಗೆದ ಕೂಡಲೇ ಅದು ಒಳಕ್ಕೆ ಕುಗ್ಗಿ ಮೇಲ್ಪದರ ಸಡಿಲಾಗುತ್ತದೆ. ಬಾಗಿದ ಸೇಫ್ಟಿ ಪಿನ್ನುಗಳನ್ನು ನಡುವಿನಿಂದ ಹೊರಕ್ಕೆ, 5 ಇಂಚಿಗೊಂದರಂತೆ ಹಾಕಿದೆ. ಸುಮಾರು 480 ಪಿನ್ನು ಹಿಡಿದವು. ನೆಲದಲ್ಲಿ ಮಂಡಿಯೂರುವಾಗ ಕೆಳಗೊಂದು ದಿಂಬು ಇಟ್ಟುಕೊಳ್ಳಿ.

ಮೊದಲ ಸಲ ಕೆಟ್ಟದ್ದು

ಮೊದಲ ಓರೆ ಗೆರೆ ಒಂದು ಮೂಲೆಯಿಂದ ಎದುರು ಮೂಲೆಗೆ. ಅದರ ಉದ್ದ 153 ಇಂಚು. ನೇರ ಗೆರೆ ಆಗಿದ್ದರೆ 108 ಇಂಚಿಗೆ ಮುಗಿಯುತ್ತಿತ್ತು. ಅಷ್ಟೇ ಅಲ್ಲ, ಬಲಗಡೆ ಇದ್ದ ಅರ್ಧ ಭಾಗ ಈಗ ತ್ರಿಕೋನ. ಅದರ ನಡುವಿನಲ್ಲಿ ಸುರುಳಿ ಸುತ್ತಬೇಕಾದ ಆಳ 54 ಇಂಚಲ್ಲ, 76 ಇಂಚು. ಎರಡು ತುದಿಯಲ್ಲಿ ಸಣ್ಣ, ಹೊಟ್ಟೆಯಲ್ಲಿ ದಪ್ಪ. ಆ ದಪ್ಪ ಭಾಗ ಮಷಿನ್ ತೋಳಿನ ಕೆಳಗೆ ಬಂದಾಗ ಬಟ್ಟೆ ಸಲೀಸಾಗಿ ಸರಿಯಲಿಲ್ಲ. ಸರಿಯದಿದ್ದಲ್ಲಿ ಹೊಲಿಗೆ 3 ಮಿ.ಮೀ. ಇದ್ದದ್ದು 1 ಮಿ.ಮೀ. ಆಗಿ ಒತ್ತೊತ್ತಾಗಿ ಬಿತ್ತು.

ಆದರೂ ಒಂದು ದಿಕ್ಕಿಗೆ ಮೂರು ಗೆರೆ ಮುಗಿಸಿದೆ. ನೋಡಿದರೆ ಸಮತಟ್ಟಾಗಿಯೇ ಇತ್ತು. ಕ್ವಿಲ್ಟ್ ತಿರುಗಿಸಿ ಇನ್ನೊಂದು ದಿಕ್ಕಿನ ಗೆರೆ ಶುರು ಮಾಡಿದೆ. ಮೊದಲ ಗೆರೆಯನ್ನು ದಾಟುವ ಹೊತ್ತಿಗೆ ಬಟ್ಟೆಯನ್ನು ಒತ್ತಿ ಹಿಡಿಯುವ ಮಷಿನ್ ಪಾದದ ಮುಂದೆ ಬಟ್ಟೆ ಉಬ್ಬಿಕೊಂಡು ಬಂತು. ಹೊಲಿಗೆ ದಾಟಿದ ಜಾಗದಲ್ಲಿ ಸಣ್ಣ ನೆರಿಗೆ ಮಡಚಿಕೊಂಡಿತು. ಎರಡನೇ ದಾಟುವಿಕೆಯಲ್ಲೂ ಅದೇ. ಮೂರನೆಯದರಲ್ಲೂ ಅದೇ. ಇನ್ನೊಂದು ಗೆರೆ ಹಾಕಿ ನೋಡಿದೆ. ನೆರಿಗೆಗಳು ಆರಾದವು.

ಕಾರಣ ಬಟ್ಟೆಯಲ್ಲೇ ಇದೆ. ನೇಯ್ದ ಬಟ್ಟೆ ಉದ್ದಕ್ಕೆ ಎಳೆದರೆ ಹಿಗ್ಗುವುದಿಲ್ಲ, ಅಗಲಕ್ಕೆ ಸ್ವಲ್ಪ ಹಿಗ್ಗುತ್ತದೆ, ಕ್ರಾಸ್‌ನಲ್ಲಿ ಎಳೆದರೆ ಚೆನ್ನಾಗಿ ಹಿಗ್ಗುತ್ತದೆ. ಬ್ಲಾಕುಗಳ ಮೇಲೆ ಓರೆ ಗೆರೆ ಅಂದರೆ ಪೂರ್ತಿ ಕ್ರಾಸ್‌ನಲ್ಲೇ ಹೊಲಿಯುವುದು. ಪಾದ ಒತ್ತಿದಷ್ಟೂ ಮೇಲ್ಪದರ ಮುಂದಕ್ಕೆ ಹರಿಯುತ್ತದೆ. ಮೊದಲ ದಿಕ್ಕಿನಲ್ಲಿ ಆ ಹೆಚ್ಚುವರಿ ಬಟ್ಟೆಗೆ ಹೋಗಲು ದಾರಿ ಇತ್ತು. ಎರಡನೇ ದಿಕ್ಕಿನಲ್ಲಿ ಮೊದಲೇ ಹಾಕಿದ ಗೆರೆಗಳು ಅಡ್ಡ ಗೋಡೆಯ ಹಾಗೆ ನಿಂತಿದ್ದವು. ಒಟ್ಟು ಸುಮಾರು 70 ಗೆರೆ ಬರಬೇಕಿತ್ತು, ಅವು ಒಂದನ್ನೊಂದು ದಾಟುವ ಜಾಗಗಳು ನೂರಾರು. ಪಿನ್ನು ಎಷ್ಟೇ ಹತ್ತಿರ ಹಾಕಿದರೂ ಅಷ್ಟೂ ಜಾಗ ಸಮತಟ್ಟಾಗಿ ಬರುವುದು ಕಷ್ಟ ಅಂತ ಅರ್ಥವಾಯಿತು.

ಸುರುಳಿ ಹಿಡಿದುಕೊಂಡು ಎದುರಿಗೆ ಕೂತಿದ್ದ ಅಕ್ಕ ಕೇಳಿದಳು, "ಓರೆ ಗೆರೆನೇ ಬೇಕಾ ನಿಂಗೆ? ಉದ್ದುದ್ದ ಹಾಕಿದ್ರೆ ಸಾಲಲ್ವಾ?"

ಐದು ಗೆರೆ ಬಿಚ್ಚಿದೆ. ಸುಮಾರು 19 ಮೀಟರ್. ಬಿಚ್ಚುವ ಕ್ರಮ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಿಂಬದಿಯ ದಾರವನ್ನು ಹೊಲಿಗೆ ಬಿಚ್ಚುವ ಸೀಮ್ ರಿಪ್ಪರ್‌ನಿಂದ ನಾಲ್ಕೈದು ಹೊಲಿಗೆಗೊಂದರಂತೆ ಕತ್ತರಿಸುತ್ತಾ ಹೋಗಿ. ಆಮೇಲೆ ಮೇಲಿನ ದಾರವನ್ನು ಮೆಲ್ಲಗೆ ಎಳೆದರೆ ಉದ್ದಕ್ಕೂ ಬಿಟ್ಟುಕೊಳ್ಳುತ್ತದೆ. ಬಟ್ಟೆ ಹರಿಯುವುದಿಲ್ಲ. ಸೂಜಿಯ ತೂತುಗಳ ಮೇಲೆ ಒದ್ದೆ ಬೆರಳಾಡಿಸಿದರೆ ನೂಲು ಕೂಡಿಕೊಳ್ಳುತ್ತದೆ. ಎರಡು ಸಂಜೆ ಹಿಡಿಯಿತು.

ಬ್ಲಾಕೇ ದಾರಿ ತೋರಿಸಿತು

ಬಿಚ್ಚುತ್ತಾ ಕೂತಾಗಲೇ ಪ್ರಶ್ನೆಯನ್ನು ತಪ್ಪಾಗಿ ಕೇಳಿಕೊಂಡಿದ್ದೆ ಅನ್ನಿಸಿತು. ಯಾವ ಗೆರೆ ಚೆಂದ ಅಂತ ಕೇಳುತ್ತಿದ್ದೆ. ಯಾವ ಗೆರೆಗೆ ಕ್ವಿಲ್ಟ್ ಒಮ್ಮೆಯೂ ತಿರುಗದೆ, ಒಂದೇ ಕಡೆಗೆ ಸರಿದುಕೊಂಡು ಹೋಗುತ್ತದೆ ಅಂತ ಕೇಳಬೇಕಿತ್ತು. ಹಾಗೆ ಕೇಳಿದರೆ ಉತ್ತರ ಒಂದೇ. ಒಂದು ಅಂಚಿನಿಂದ ಎದುರು ಅಂಚಿಗೆ, ಬಟ್ಟೆಯ ನೂಲಿನ ಗುಂಟ, ಒಂದನ್ನೊಂದು ದಾಟದ ಗೆರೆಗಳು.

ಇದರಲ್ಲಿ ಇನ್ನೂ ಒಂದು ಲಾಭ ಇದೆ. ಗೆರೆ ಅಂಚಿನ ಆಚೆ ಬ್ಯಾಟಿಂಗ್ ಮೇಲೆ ಶುರುವಾಗಿ ಆಚೆಯೇ ಮುಗಿಯುತ್ತದೆ. ದಾರದ ತುದಿಗಳೆಲ್ಲ ಬೈಂಡಿಂಗ್, ಅಂದರೆ ಅಂಚಿಗೆ ಸುತ್ತ ಹಾಕುವ ಪಟ್ಟಿಯ ಒಳಗೆ ಸೇರಿಕೊಳ್ಳುತ್ತವೆ. ಗಂಟು ಹಾಕಿ, ಸೂಜಿಗೆ ಪೋಣಿಸಿ, ಪದರದೊಳಗೆ ಅಡಗಿಸುವ ಕೆಲಸವೇ ಇಲ್ಲ. ನಡುವೆ ನಿಲ್ಲುವ ವಿನ್ಯಾಸದಲ್ಲಿ ಪ್ರತಿ ನಿಲುಗಡೆಗೂ ಎರಡು ದಾರದ ತುದಿ ಅಡಗಿಸಬೇಕು.

ಹಾಗಾದರೆ ಅಡ್ಡವೋ, ಉದ್ದವೋ? ಚೌಕ ಕ್ವಿಲ್ಟ್, ಯಾವುದಾದರೂ ಒಂದೇ ಅಂದುಕೊಂಡೆ. ಆದರೆ ಹಾಗಿರಲಿಲ್ಲ. ಮೊದಲು ಪದರಗಳನ್ನು ಭದ್ರ ಮಾಡಲು ಬ್ಲಾಕಿನ ಜೋಡಣೆಯ ಸಂದಿಯಲ್ಲೇ ಕೆಲವು ನೇರ ಗೆರೆ ಹಾಕಬೇಕು ಅಂತಿದ್ದೆ. ಸಂದಿಯಲ್ಲಿ ಹೊಲಿಯುವಾಗ, ಒಳಗಿನ ಕಾಲಿಂಚು ಮಡಿಕೆ ಯಾವ ಕಡೆಗೆ ಇಸ್ತ್ರಿಯಾಗಿದೆಯೋ ಅದರ ಎದುರು ಕಡೆಯ ತಗ್ಗಿನಲ್ಲಿ ಸೂಜಿ ಓಡಬೇಕು. ಆಗ ಗೆರೆ ಅಡಗುತ್ತದೆ. ಬ್ಲಾಕು ಜೋಡಿಸುವಾಗ ನಾನು ಮಡಿಕೆಗಳನ್ನೆಲ್ಲ ಇಡೀ ತುಂಡಿನ ಕಡೆಗೆ ಇಸ್ತ್ರಿ ಮಾಡಿದ್ದೆ. ಚದುರಂಗದ ಜೋಡಣೆಯಲ್ಲಿ ಇಡೀ ತುಂಡು ಒಂದು ಸಾಲಿನಲ್ಲಿ ಎಡಕ್ಕೆ, ಮುಂದಿನ ಸಾಲಿನಲ್ಲಿ ಬಲಕ್ಕೆ ಬರುತ್ತದೆ. ಅಂದರೆ ಸಾಲುಗಳನ್ನು ಅಡ್ಡಹಾಯುವ ಸಂದಿಯಲ್ಲಿ ತಗ್ಗು ಪ್ರತಿ 9 ಇಂಚಿಗೆ ಕಡೆ ಬದಲಾಯಿಸುತ್ತದೆ. ಅಲ್ಲಿ ನೇರ ಗೆರೆ ಹಾಕಿದರೆ ಒಮ್ಮೆ ತಗ್ಗು, ಒಮ್ಮೆ ದಿಬ್ಬ.

ಸಾಲು ಸಾಲು ಸೇರಿಸಿದ ಉದ್ದ ಸಂದಿಗಳು ಹಾಗಿಲ್ಲ. ಅವು 108 ಇಂಚೂ ಒಂದೇ ಕಡೆಗೆ ಇಸ್ತ್ರಿಯಾಗಿವೆ. ಹಾಗಾಗಿ ಗೆರೆಗಳು ಸಾಲಿನ ಗುಂಟವೇ ಓಡಬೇಕು ಅಂತ ನಿರ್ಧಾರವಾಯಿತು. ನಿಮ್ಮ ಮೇಲ್ಪದರವನ್ನೂ ಒಮ್ಮೆ ಮಗುಚಿ ಹಿಂಬದಿ ನೋಡಿ. ಪದರ ಸೇರಿಸುವ ಮೊದಲೇ ನೋಡಬೇಕು, ಆಮೇಲೆ ಕಾಣುವುದಿಲ್ಲ.

ಪೂರ್ತಿ ನೇರ ಗೆರೆ ನನಗೆ ಬೇಡವಾಗಿತ್ತು. ಇಷ್ಟು ಉದ್ದಕ್ಕೆ ಕೈ ಎಲ್ಲೋ ಒಂದು ಕಡೆ ಅಲುಗುತ್ತದೆ. ನೇರ ಗೆರೆಯಲ್ಲಿ ಆ ಅಲುಗು ಎದ್ದು ಕಾಣುತ್ತದೆ. ಮೆಲು ಅಲೆಯಲ್ಲಿ ಕಾಣುವುದಿಲ್ಲ, ಯಾಕೆಂದರೆ ಕಣ್ಣು ಅಲ್ಲಿ ನೇರವನ್ನು ಹುಡುಕುವುದೇ ಇಲ್ಲ. ಚೌಕಗಳೇ ತುಂಬಿದ ಮೇಲ್ಪದರಕ್ಕೆ ಸ್ವಲ್ಪ ಬಾಗು ಬೇಕೂ ಇತ್ತು.

ಅಂತರ ಎಷ್ಟು? ಮೊದಲು 3 ಇಂಚು ಅಂದುಕೊಂಡೆ. 9 ಇಂಚಿನ ಸಾಲಿನಲ್ಲಿ ಎರಡು ಅಲೆ. ಹಾಳೆ ಹಾಸಿ ಬರೆದಾಗ ತಪ್ಪು ಗೊತ್ತಾಯಿತು. ಚಿಕ್ಕ ಚೌಕಗಳ ಜೋಡಣೆಯೂ 3 ಇಂಚಿಗೇ ಇದೆ. ಅಲೆ ಆ ಸಂದಿಯನ್ನೇ ಸುತ್ತಿಕೊಂಡು ಹಾವಿನ ಹಾಗೆ ಓಡುತ್ತದೆ. ಸಂದಿಯ ಮೇಲೆ ಹೊಲಿಯಲು ಹೋಗಿ ಜಾರಿದಂತೆ ಕಾಣುತ್ತದೆ. ಮಡಿಕೆಯ ದಿಬ್ಬವನ್ನು ಓರೆಯಾಗಿ ಹತ್ತಿ ಇಳಿಯುವಾಗ ಪಾದವೂ ಜಾರುತ್ತದೆ.

ಅದಕ್ಕೆ ಸಾಲನ್ನು ನಾಲ್ಕು ಪಾಲು ಮಾಡಿದೆ. ಎರಡೂಕಾಲು ಇಂಚಿಗೊಂದು, ಒಟ್ಟು ಮೂರು ಅಲೆ. ಅಲೆಯ ಏರಿಳಿತ ಎರಡೂ ಕಡೆ ಅರ್ಧರ್ಧ ಇಂಚು ಮಾತ್ರ. ಮೊದಲ ಅಲೆ ಹೆಚ್ಚೆಂದರೆ ಎರಡೂಮುಕ್ಕಾಲು ಇಂಚಿಗೆ ಹೋಗಿ ತಿರುಗುತ್ತದೆ, 3 ಇಂಚಿನ ಸಂದಿಯನ್ನು ಮುಟ್ಟುವುದಿಲ್ಲ. ನಡುವಿನ ಅಲೆ ನಡುಚೌಕದೊಳಗೇ ಇರುತ್ತದೆ. ಮೂರನೆಯದು 6 ಇಂಚಿನ ಸಂದಿಯ ಆಚೆಗೇ ಉಳಿಯುತ್ತದೆ. ಈ ಲೆಕ್ಕ ಕೂಡಿ ಬಂದಾಗ ನನಗೆ ಆದ ಖುಷಿ ಹೇಳತೀರದು. ಬ್ಲಾಕಿನ ಅಳತೆಯಿಂದಲೇ ಅಲೆಯ ಅಳತೆ ಹುಟ್ಟಿತು.

12 ಸಾಲಿಗೆ ಮೂರರಂತೆ 36 ಅಲೆ. ಸಂದಿಯ ನೇರ ಗೆರೆ 11. ಒಟ್ಟು 47. ಉದ್ದ ಸುಮಾರು 132 ಮೀಟರ್. ಓರೆ ಚೌಕಳಿಯ 140 ಮೀಟರಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ ನೋಡಿ. ದಾರ ಹೆಚ್ಚು ಕಡಿಮೆ ಅಷ್ಟೇ. ಮೈಗೆ ಆಗುವ ಶ್ರಮ ಮಾತ್ರ ಅರ್ಧಕ್ಕೂ ಕಡಿಮೆ.

ಮಾದರಿ ತುಂಡು ಮತ್ತು ಮೇಜು

ಅದೇ ಬಟ್ಟೆ, ಅದೇ ಬ್ಯಾಟಿಂಗ್ ಸೇರಿಸಿ 18 ಇಂಚಿನ ಒಂದು ಮಾದರಿ ಮಾಡಿಕೊಂಡೆ. ಬೇರೆ ಚೂರು ಬಟ್ಟೆಯಲ್ಲಿ ನೋಡಿದರೆ ದಾರದ ಬಿಗಿ (ಟೆನ್ಷನ್) ಸರಿಯಾಗಿ ಗೊತ್ತಾಗುವುದಿಲ್ಲ. ಹೊಲಿಗೆ ಉದ್ದ ಎರಡೂವರೆಯಿಂದ ಮೂರೂವರೆ ಮಿ.ಮೀ.ವರೆಗೆ ಹಾಕಿ ನೋಡಿ, 3ಕ್ಕೆ ನಿಲ್ಲಿಸಿದೆ. ಮೂರು ಪದರದ ದಪ್ಪದಲ್ಲಿ ಹೊಲಿಗೆ ಇದ್ದದ್ದಕ್ಕಿಂತ ಗಿಡ್ಡ ಕಾಣುತ್ತದೆ, ಅದಕ್ಕೆ ಮಾಮೂಲಿಗಿಂತ ಸ್ವಲ್ಪ ಉದ್ದ ಬೇಕು. ಸೂಜಿ 90/14 ಕ್ವಿಲ್ಟಿಂಗ್ ಸೂಜಿ. ದಾರ 50 ನಂಬರಿನ ಹತ್ತಿ ದಾರ. ದಾರದಲ್ಲಿ ನಂಬರು ಜಾಸ್ತಿ ಆದಷ್ಟೂ ದಾರ ಸಣ್ಣ. 40 ನಂಬರು ಹಾಕಿದ್ದರೆ ಗೆರೆ ಎದ್ದು ಕಾಣುತ್ತಿತ್ತು. ನನಗೆ ಚೌಕಗಳು ಮುಂದೆ, ಗೆರೆ ಹಿಂದೆ ಇರಬೇಕಿತ್ತು. ಬಣ್ಣ ತಿಳಿ ಬೂದು, ಎಲ್ಲ ಬಟ್ಟೆಯ ಮೇಲೂ ಕೂರುತ್ತದೆ.

ವಾಕಿಂಗ್ ಫುಟ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಮಾಮೂಲಿ ಪಾದದಲ್ಲಿ ಕೆಳಗಿನ ಹಲ್ಲುಗಳು ಕೆಳಪದರವನ್ನು ಮಾತ್ರ ಎಳೆಯುತ್ತವೆ, ಮೇಲ್ಪದರ ಹಿಂದೆ ಉಳಿಯುತ್ತದೆ. ವಾಕಿಂಗ್ ಫುಟ್‌ನಲ್ಲಿ ಮೇಲೂ ಹಲ್ಲುಗಳಿವೆ. ಅದರ ಪಕ್ಕದ ಕವಲು ಸೂಜಿ ಬಿಗಿಯುವ ಸ್ಕ್ರೂ ಮೇಲೆ ಕೂರುತ್ತದೆ. ಸೂಜಿ ಏರಿಳಿದ ಹಾಗೆ ಮೇಲಿನ ಹಲ್ಲುಗಳೂ ಹೆಜ್ಜೆ ಹಾಕುತ್ತವೆ. ಮೂರೂ ಪದರ ಒಟ್ಟಿಗೆ ನಡೆಯುತ್ತವೆ. ಪಾದದ ಒತ್ತಡವನ್ನೂ ಸ್ವಲ್ಪ ಕಡಿಮೆ ಮಾಡಿಕೊಂಡೆ.

ಮೇಜಿನ ವಿಷಯಕ್ಕೆ ಜನ ಗಮನ ಕೊಡುವುದು ಕಡಿಮೆ. ನನ್ನ ಅನುಭವದಲ್ಲಿ ಅರ್ಧ ಕೆಲಸ ಅದೇ. ಕ್ವಿಲ್ಟ್‌ನ ಯಾವ ಭಾಗವೂ ಮೇಜಿನಿಂದ ಕೆಳಗೆ ಜೋತಾಡಬಾರದು. ಜೋತಾಡಿದರೆ ಅದರ ತೂಕವೇ ಬಟ್ಟೆಯನ್ನು ಹಿಂದಕ್ಕೆ ಹಿಡಿಯುತ್ತದೆ, ಹೊಲಿಗೆ ಗಿಡ್ಡವಾಗುತ್ತದೆ, ಗೆರೆ ವಾಲುತ್ತದೆ. ಮಷಿನ್ ಮೇಜಿನ ಹಿಂದೆ ಇನ್ನೊಂದು ಮೇಜು ಜೋಡಿಸಿ ಗೋಡೆಗೆ ಒತ್ತಿ ನಿಲ್ಲಿಸಿದೆ. ಎಡಗಡೆ ಇಸ್ತ್ರಿ ಹಲಗೆಯನ್ನು ಅದೇ ಎತ್ತರಕ್ಕೆ ಏರಿಸಿ ಇಟ್ಟೆ. ನನ್ನ ಕಡೆ ಬರುವ ಭಾಗವನ್ನು ಹೆಗಲ ಮೇಲೆ ಹಾಕಿಕೊಂಡೆ. ಬೆರಳಿಗೆ ರಬ್ಬರ್ ಚುಕ್ಕಿಯ ಕೈಗವಸು. ಹಿಡಿತ ಇದ್ದರೆ ಒತ್ತಬೇಕಾಗಿಲ್ಲ, ಹೆಗಲು ನೋಯುವುದಿಲ್ಲ.

ಹನ್ನೊಂದು ನೇರ ಗೆರೆ

ನಡುವಿನ ಸಂದಿ ಆರನೆಯದು. ಮೊದಲು ಅದು. ಆಮೇಲೆ ಬಲಕ್ಕೆ ಏಳು, ಎಂಟು, ಒಂಬತ್ತು ಅಂತ. ಬಲಕ್ಕೆ ಹೋದಷ್ಟೂ ತೋಳಿನ ಕೆಳಗಿನ ಸುರುಳಿ ಕರಗುತ್ತದೆ. ಕಷ್ಟದ ಗೆರೆ ಮೊದಲೇ ಮುಗಿದು, ಪ್ರತಿ ಗೆರೆಯೂ ಹಿಂದಿನದಕ್ಕಿಂತ ಹಗುರ. ಬಲಗಡೆಯ ಐದು ಮುಗಿದ ಮೇಲೆ ಇಡೀ ಕ್ವಿಲ್ಟನ್ನು ಒಂದು ಸಲ ತಿರುಗಿಸಿ ಉಳಿದ ಐದು. ಅಲ್ಲಿ ತಗ್ಗು ಸೂಜಿಯ ಇನ್ನೊಂದು ಪಕ್ಕಕ್ಕೆ ಬರುತ್ತದೆ, ಅದನ್ನು ನೆನಪಿಡಬೇಕು.

ಒಂದು ಗೆರೆ ಮುಗಿದ ತಕ್ಷಣ ಅಲ್ಲಿಂದಲೇ ತಿರುಗಿ ಬರುವ ಆಸೆ ಆಗುತ್ತದೆ. ಬೇಡ. ಪಕ್ಕಪಕ್ಕದ ಗೆರೆಗಳು ಎದುರುಬದುರು ದಿಕ್ಕಿಗೆ ಓಡಿದರೆ ನಡುವಿನ ಬಟ್ಟೆ ಓರೆಯಾಗಿ ಎಳೆದುಕೊಂಡು ಸುಕ್ಕು ಬೀಳುತ್ತದೆ. ದಾರ ಕತ್ತರಿಸಿ, ಕ್ವಿಲ್ಟನ್ನು ಹಿಂದಕ್ಕೆ ಎಳೆದುಕೊಂಡು, ಪ್ರತಿ ಸಲವೂ ಮೇಲಂಚಿನಿಂದಲೇ ಶುರು ಮಾಡಿದೆ.

ಒಂಬತ್ತನೇ ಸಂದಿಯಲ್ಲಿ ಹಿಂಬದಿಗೆ ಒಂದು ನೆರಿಗೆ ಬಿತ್ತು. ಗೆರೆ ಮುಗಿದ ಮೇಲೆ ಮಗುಚಿ ಕೈಯಾಡಿಸಿದಾಗ ಸಿಕ್ಕಿತು. ಹಿಂಬದಿ ಬಟ್ಟೆಯ ಜೋಡಣೆ ಹತ್ತಿರ ಪಿನ್ನು ಸ್ವಲ್ಪ ದೂರ ಬಿದ್ದಿತ್ತು. 10 ಇಂಚು ಬಿಚ್ಚಿ, ಪಿನ್ನು ಮರಳಿ ಹಾಕಿ ಹೊಲಿದೆ. ಪ್ರತಿ ಗೆರೆಗೂ ಹಿಂಬದಿ ಮುಟ್ಟಿ ನೋಡುವುದನ್ನು ಅಲ್ಲಿಂದ ರೂಢಿ ಮಾಡಿಕೊಂಡೆ. ಮುಂದಿನ ಗೆರೆ ಬಿದ್ದ ಮೇಲೆ ಗೊತ್ತಾದರೆ ಎರಡೂ ಬಿಚ್ಚಬೇಕು.

ಮೂವತ್ತಾರು ಅಲೆ

ಗಟ್ಟಿ ರಟ್ಟಿನಲ್ಲಿ 18 ಇಂಚು ಉದ್ದದ ಅಲೆಯ ಅಚ್ಚು ಕತ್ತರಿಸಿಕೊಂಡೆ. ಒಂದು ಬ್ಲಾಕಿಗೆ ಒಂದು ಅಲೆ. ಪ್ರತಿ ಸಾಲಿನ ಮೊದಲ ಅಲೆಗೆ ಮಾತ್ರ ಸೀಮೆಸುಣ್ಣದ ಗುರುತು. ಅದೂ ಹೊಲಿಯುವ ಸ್ವಲ್ಪ ಮೊದಲು ಹಾಕಿದ್ದು. ಮೊದಲೇ ಇಡೀ ಕ್ವಿಲ್ಟ್‌ಗೆ ಬರೆದಿಟ್ಟರೆ ಸುರುಳಿ ಸುತ್ತುವಾಗಲೇ ಉಜ್ಜಿ ಹೋಗುತ್ತದೆ. ನೀರಿಗೆ ಅಳಿಯುವ ನೀಲಿ ಪೆನ್ನಿನ ಗುರುತಿಗೆ ಇಸ್ತ್ರಿ ತಾಗಿದರೆ ಕಲೆ ಉಳಿದುಬಿಡಬಹುದು, ಅದಕ್ಕೇ ಸೀಮೆಸುಣ್ಣ. ಎರಡನೇ, ಮೂರನೇ ಅಲೆಗೆ ವಾಕಿಂಗ್ ಫುಟ್‌ಗೆ ಸಿಕ್ಕಿಸುವ ಅಳತೆ ಕಡ್ಡಿಯನ್ನು ಎರಡೂಕಾಲು ಇಂಚಿಗೆ ಬಿಗಿದು, ಹಿಂದಿನ ಅಲೆಯ ಮೇಲೆ ಆ ಕಡ್ಡಿಯನ್ನು ಓಡಿಸಿದೆ.

ವಾಕಿಂಗ್ ಫುಟ್‌ನಲ್ಲಿ ಮೆಲು ಬಾಗು ಮಾತ್ರ ಸಾಧ್ಯ. ಬಟ್ಟೆಯನ್ನು ತಿರುಚಬಾರದು. ಎರಡೂ ಅಂಗೈ ಚಪ್ಪಟೆಯಾಗಿ ಇಟ್ಟು, ಹೊಲಿಗೆ ಮುಂದೆ ಹೋಗುತ್ತಿರುವಾಗಲೇ ಬಟ್ಟೆಯನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತೇಲಿಸಬೇಕು. ನಿಲ್ಲಿಸಿದಾಗ ಸೂಜಿ ಬಟ್ಟೆಯೊಳಗೇ ಇರಬೇಕು. ಮೊದಲ ಎರಡು ಅಲೆ ಬಿಗಿಯಾಗಿ ಬಂದವು. ಮೂರನೆಯದರಿಂದ ಕೈಗೆ ಲಯ ಸಿಕ್ಕಿತು. ಆಮೇಲೆ ಮಷಿನ್‌ನ ಸದ್ದು ಕೇಳುತ್ತಾ ಹೊಲಿಯುವುದೇ ಒಂದು ಸುಖ.

ಒಂದು ಗೆರೆಗೆ ಸರಾಸರಿ 12 ನಿಮಿಷ. ಅದರಲ್ಲಿ ಹೊಲಿಯುವುದು ನಾಲ್ಕೈದು ನಿಮಿಷ ಇರಬಹುದು, ಉಳಿದದ್ದೆಲ್ಲ ಬಟ್ಟೆ ಸರಿಮಾಡುವುದು. ದಿನಕ್ಕೆ ಆರು ಗೆರೆಗಿಂತ ಜಾಸ್ತಿ ಹಾಕಲಿಲ್ಲ. ಏಳನೆಯದಕ್ಕೆ ಹೆಗಲು ಬಿಗಿಯುತ್ತದೆ, ಬಿಗಿದ ಹೆಗಲು ಗೆರೆಯಲ್ಲಿ ಕಾಣುತ್ತದೆ. 47 ಗೆರೆಗೆ ಎಂಟು ದಿನ. ನಡುವೆ ಒಮ್ಮೆ ಸೂಜಿ ಬದಲಿಸಿದೆ.

ಬಾಬಿನ್, ಅಂದರೆ ಕೆಳದಾರ ಸುತ್ತಿದ ಪುಟ್ಟ ಉರುಳೆ, ಗೆರೆಯ ನಡುವೆ ಖಾಲಿಯಾದರೆ ದಾರ ಅಡಗಿಸುವ ಕೆಲಸ ಬಂದೇ ಬರುತ್ತದೆ. ನನ್ನ ಬಾಬಿನ್ 13 ಗೆರೆಗೆ ಸಾಲುತ್ತಿತ್ತು. ನಾನು 12ಕ್ಕೇ ತೆಗೆದು ಹೊಸದು ಹಾಕಿದೆ. ನಾಲ್ಕು ಬಾಬಿನ್‌ನಲ್ಲಿ ಪೂರ್ತಿ ಮುಗಿಯಿತು, ನಡುವೆ ಒಂದೂ ಗಂಟಿಲ್ಲ.

ಅಂಚು, ಮತ್ತೆ ನೀರು

ಅಂಚು ಕತ್ತರಿಸಿ ನೇರ ಮಾಡಿದೆ. ಬೈಂಡಿಂಗ್‌ಗೆ ಎರಡೂವರೆ ಇಂಚಿನ 12 ಪಟ್ಟಿ ಬೇಕಾದವು. ಎರಡು ಮಡಿಕೆ ಮಾಡಿ ಮುಂದೆ ಮಷಿನ್‌ನಲ್ಲಿ, ಹಿಂದೆ ಕೈಯಲ್ಲಿ ಹೊಲಿದೆ.

ತಣ್ಣೀರಿನಲ್ಲಿ ತೊಳೆದು, ನೀರು ಹಿಂಡದೆ, ಸಮತಟ್ಟಾಗಿ ಹರಡಿ ಒಣಗಿಸಿದೆ. ಹತ್ತಿಯ ಬ್ಯಾಟಿಂಗ್ ಮೊದಲ ತೊಳೆತಕ್ಕೆ ಶೇಕಡ 3ರಿಂದ 5ರಷ್ಟು ಕುಗ್ಗುತ್ತದೆ. ನನ್ನದು 108ರಿಂದ ನೂರನಾಲ್ಕೂವರೆ ಇಂಚಿಗೆ ಬಂತು. ಮಂಚದ ಅಳತೆ ತೆಗೆದುಕೊಳ್ಳುವಾಗಲೇ ಇದಕ್ಕೆ ಜಾಗ ಬಿಟ್ಟುಕೊಳ್ಳಿ. ಕುಗ್ಗಿದ ಮೇಲೆ ಗೆರೆಗಳ ನಡುವೆ ಮೆತ್ತಗಿನ ಸುಕ್ಕು ಎದ್ದು, ಬಟ್ಟೆ ಮೈಗೆ ಒಗ್ಗುವ ಹಾಗಾಯಿತು. ನಾಲ್ಕನೇ ಸಾಲಿನಲ್ಲಿ ಒಂದು ಅಲೆ ಕಾಲಿಂಚು ದಾರಿ ತಪ್ಪಿತ್ತು. ಅದನ್ನು ಹುಡುಕಲು ಅಕ್ಕನಿಗೆ ಹೇಳಿದೆ. ಎರಡು ಸಲ ಹುಡುಕಿದಳು, ಸಿಗಲಿಲ್ಲ.

18 ಇಂಚಿನ ಮಾದರಿ ತುಂಡನ್ನು ಎಸೆದಿಲ್ಲ. ಅದರ ಮೂಲೆಯಲ್ಲಿ ಅಳಿಯದ ಪೆನ್ನಿನಿಂದ ಬರೆದಿಟ್ಟಿದ್ದೇನೆ: ಹೊಲಿಗೆ 3 ಮಿ.ಮೀ., ಸೂಜಿ 90/14, ದಾರ 50, ಸಾಲಿಗೆ ಮೂರು ಅಲೆ, ಅಂತರ ಎರಡೂಕಾಲು, ಬಾಬಿನ್ 12ಕ್ಕೆ ಬದಲಿಸು. ಮಷಿನ್‌ನ ಹೊದಿಕೆಯ ಜೇಬಿನಲ್ಲಿ ಮಡಚಿ ಇಟ್ಟಿದ್ದೇನೆ.